ಸಿಂಧೂ ಜಲ ಒಪ್ಪಂದ

ಸಿಂಧೂ ಜಲ ಒಪ್ಪಂದವು ಸಿಂಧೂ ನದಿ ಮತ್ತು ಅದರ ಐದು ಮುಖ್ಯ ಉಪನದಿಗಳ ನೀರಿನ ಬಳಕೆಯ ಹಕ್ಕನ್ನು ಭಾರತ ಮತ್ತು ಪಾಕಿಸ್ತಾನಗಳಿಗೆ ಹಂಚಿಕೊಟ್ಟು, ಮುಂದೆ ಏಳಬಹುದಾದ ತಕರಾರುಗಳನ್ನು ತೀರ್ಮಾನಿಸುವ ಕ್ರಮವನ್ನೂ ಗೊತ್ತುಪಡಿಸಿದ ಅಂತರರಾಷ್ಟ್ರೀಯ ಕರಾರು. 1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ಭಾರತದ ಪ್ರಧಾನಿ ಜವಾಹರಲಾಲ್ ನೆಹರೂ ಮತ್ತು ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಇದಕ್ಕೆ ಸಹಿ ಹಾಕಿದರು. ನಿರ್ದಿಷ್ಟ ವಿಧಿಗಳ ಮಟ್ಟಿಗೆ ವಿಶ್ವ ಬ್ಯಾಂಕ್ ಪರವಾಗಿ ಡಬ್ಲ್ಯು. ಎ. ಬಿ. ಇಲಿಫ್ ಸಹಿ ಮಾಡಿದರು. ಆ ವರ್ಷದ ಏಪ್ರಿಲ್ 1ರಿಂದಲೇ ಒಪ್ಪಂದ ಪೂರ್ವಾನ್ವಯವಾಗಿ ಜಾರಿಗೆ ಬಂದಿತು.

ಅಂತರರಾಷ್ಟ್ರೀಯ ಸಂಬಂಧಗಳ ಅಧ್ಯಯನದಲ್ಲಿ ಸಂಘರ್ಷ ಪರಿಹಾರ ಮತ್ತು ಸಂಘರ್ಷ ನಿರ್ವಹಣೆ ಎಂಬ ಎರಡು ಪರಿಕಲ್ಪನೆಗಳಿವೆ. ಜಗಳದ ಮೂಲವನ್ನೇ ನಿವಾರಿಸುವುದು ಪರಿಹಾರ. ಮೂಲ ಹಾಗೇ ಉಳಿದರೂ ಅದರ ಒಂದು ಭಾಗವನ್ನು ಬೇರ್ಪಡಿಸಿ, ನಿಯಮಕ್ಕೆ ಒಳಪಡಿಸಿ, ಕೈಮೀರದಂತೆ ನೋಡಿಕೊಳ್ಳುವುದು ನಿರ್ವಹಣೆ. ಸಿಂಧೂ ಜಲ ಒಪ್ಪಂದ ಎರಡನೆಯ ಬಗೆಗೆ ಸೇರಿದ್ದು. ಕಾಶ್ಮೀರದ ಪ್ರಶ್ನೆಯನ್ನು ಅದು ಮುಟ್ಟುವುದಿಲ್ಲ. ನೀರಿನ ಬಳಕೆಗೆ ಸಂಬಂಧಿಸಿದ ಹಕ್ಕುಗಳನ್ನು ಬಿಟ್ಟು ಬೇರಾವ ಹಕ್ಕನ್ನೂ ಒಪ್ಪಿದಂತೆಯಾಗಲಿ ಬಿಟ್ಟುಕೊಟ್ಟಂತೆಯಾಗಲಿ ಭಾವಿಸಬಾರದೆಂದು ಅದರ 11ನೇ ವಿಧಿ ಹೇಳುತ್ತದೆ.

ನದಿ ವ್ಯವಸ್ಥೆ

ಟಿಬೆಟ್‌ನ ಕೈಲಾಸ ಪರ್ವತದ ಪ್ರದೇಶದಲ್ಲಿ ಹುಟ್ಟುವ ಸಿಂಧೂ ನದಿ ಲಡಾಖ್ ಮೂಲಕ ಹರಿದು ಪಾಕಿಸ್ತಾನವನ್ನು ಹೊಕ್ಕು ಅರಬ್ಬಿ ಸಮುದ್ರ ಸೇರುತ್ತದೆ. ಝೀಲಂ, ಚಿನಾಬ್, ರಾವಿ, ಬಿಯಾಸ್ ಮತ್ತು ಸಟ್ಲೆಜ್ ಅದರ ಐದು ಮುಖ್ಯ ಉಪನದಿಗಳು. ಸುಮಾರು 11 ಲಕ್ಷ ಚದರ ಕಿ.ಮೀ. ವಿಸ್ತಾರದ ಕಣಿವೆ ಪಾಕಿಸ್ತಾನ, ಭಾರತ, ಚೀನಾ ಮತ್ತು ಅಫ್ಘಾನಿಸ್ತಾನಗಳಲ್ಲಿ ಹರಡಿದೆ. ದೊಡ್ಡ ಪಾಲು ಪಾಕಿಸ್ತಾನದ್ದು, ಎರಡನೆಯದು ಭಾರತದ್ದು. ಚೀನಾ ಮತ್ತು ಅಫ್ಘಾನಿಸ್ತಾನ ಒಪ್ಪಂದದಲ್ಲಿ ಪಕ್ಷಗಳಲ್ಲ.

ಪಂಜಾಬ್ ಮತ್ತು ಸಿಂಧ್ ಬಯಲುಗಳಲ್ಲಿ ಮಳೆ ಕಡಿಮೆ. ಅಲ್ಲಿನ ಬೇಸಾಯ ನಾಲೆಗಳನ್ನೇ ನಂಬಿದೆ. 1859ರಲ್ಲಿ ರಾವಿ ನದಿಯ ಅಪ್ಪರ್ ಬಾರಿ ದೋಆಬ್ ನಾಲೆ ತೆರೆದ ಮೇಲೆ ಬ್ರಿಟಿಷ್ ಆಡಳಿತ ಒಂದರ ಹಿಂದೊಂದು ನಾಲೆ ತೋಡುತ್ತ ಹೋಯಿತು. ಸ್ವಾತಂತ್ರ್ಯದ ಹೊತ್ತಿಗೆ ಈ ಕಣಿವೆ ಜಗತ್ತಿನ ಅತಿ ದೊಡ್ಡ ನಾಲಾ ನೀರಾವರಿ ಪ್ರದೇಶಗಳಲ್ಲಿ ಒಂದಾಗಿತ್ತು.

ವಿವಾದದ ಹುಟ್ಟು

ನೀರಿನ ಜಗಳ ದೇಶವಿಭಜನೆಗಿಂತ ಹಳೆಯದು. ಸಟ್ಲೆಜ್ ಮೇಲೆ ಭಾಕ್ರಾ ಅಣೆಕಟ್ಟೆ ಕಟ್ಟುವ ಪಂಜಾಬ್ ಪ್ರಾಂತದ ಯೋಜನೆಯಿಂದ ತನಗೆ ಹಾನಿಯಾಗುವುದೆಂದು ಕೆಳಗಿನ ಸಿಂಧ್ ಪ್ರಾಂತ ದೂರಿದಾಗ, ಬ್ರಿಟಿಷ್ ಸರ್ಕಾರ 1941ರಲ್ಲಿ ಒಂದು ಆಯೋಗ ನೇಮಿಸಿತು. ಅದರ ಅಧ್ಯಕ್ಷರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ಮುಂದೆ ಸಂವಿಧಾನ ಸಭೆಯ ಸಲಹೆಗಾರರಾಗಿಯೂ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿಯೂ ಹೆಸರಾದವರು ಇವರೇ. ಮೇಲಿನವರಿಗಾಗಲಿ ಕೆಳಗಿನವರಿಗಾಗಲಿ ನದಿಯ ಮೇಲೆ ಪೂರ್ಣ ಹಕ್ಕಿಲ್ಲ, ನ್ಯಾಯಸಮ್ಮತ ಹಂಚಿಕೆಯೇ ಆಧಾರ ಎಂಬ ತತ್ತ್ವವನ್ನು 1942ರ ವರದಿ ಎತ್ತಿಹಿಡಿಯಿತು. ಎರಡು ಪ್ರಾಂತಗಳೂ ವರದಿಯನ್ನು ಒಪ್ಪಲಿಲ್ಲ. ಮಾತುಕತೆ ಮುಗಿಯುವ ಮೊದಲೇ ವಿಭಜನೆ ಬಂತು.

1947ರ ಗಡಿರೇಖೆ ನೀರಾವರಿ ವ್ಯವಸ್ಥೆಯನ್ನು ನಡುವೆ ಸೀಳಿತು. ರಾವಿಯ ಮಾಧೋಪುರ ಮತ್ತು ಸಟ್ಲೆಜ್‌ನ ಫಿರೋಜ್‌ಪುರ ಹೆಡ್‌ವರ್ಕ್ಸ್‌ಗಳು ಭಾರತಕ್ಕೆ ಬಂದವು. ಅವುಗಳಿಂದ ನೀರು ಪಡೆಯುತ್ತಿದ್ದ ಹಲವು ನಾಲೆಗಳ ಜಮೀನು ಪಾಕಿಸ್ತಾನದಲ್ಲಿ ಉಳಿಯಿತು. ತೂಬಿನ ಕೈ ಒಂದು ದೇಶದಲ್ಲಿ, ಗದ್ದೆ ಇನ್ನೊಂದರಲ್ಲಿ. 1947ರ ಡಿಸೆಂಬರ್‌ನಲ್ಲಿ ಎರಡೂ ಪಂಜಾಬ್‌ಗಳ ಎಂಜಿನಿಯರುಗಳು ಮಾಡಿಕೊಂಡ ಯಥಾಸ್ಥಿತಿ ಕರಾರು 1948ರ ಮಾರ್ಚ್ 31ಕ್ಕೆ ಮುಗಿಯಿತು. ಆಸ್ತಿ ವಿಭಜನೆಯ ತಕರಾರು ನೋಡುತ್ತಿದ್ದ ನ್ಯಾಯಮಂಡಳಿಯ ಅವಧಿಯೂ ಅದೇ ದಿನ ಕೊನೆಗೊಂಡಿತು. ಮರುದಿನ ಪೂರ್ವ ಪಂಜಾಬ್ ಸರ್ಕಾರ ನಾಲೆಗಳಿಗೆ ನೀರು ನಿಲ್ಲಿಸಿತು. ಮೇ 4ರಂದು ದೆಹಲಿಯಲ್ಲಿ ಆದ ಅಂತರ ಡೊಮಿನಿಯನ್ ಒಪ್ಪಂದದ ಪ್ರಕಾರ ನೀರು ಮತ್ತೆ ಹರಿಯಿತಾದರೂ, ಪಾಕಿಸ್ತಾನ ಅದಕ್ಕೆ ಹಣ ತೆರಬೇಕಿತ್ತು ಮತ್ತು ಕ್ರಮೇಣ ಪರ್ಯಾಯ ಮೂಲಗಳನ್ನು ಹುಡುಕಿಕೊಳ್ಳಬೇಕಿತ್ತು. ವಿವಾದವನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ಯಬೇಕೆಂಬ ಪಾಕಿಸ್ತಾನದ ಸಲಹೆಯನ್ನು ಭಾರತ ಒಪ್ಪಲಿಲ್ಲ. ತಿಂಗಳೊಂದರ ಆ ನಿಲುಗಡೆ ಪಾಕಿಸ್ತಾನದ ಜಲನೀತಿಯನ್ನು ಇಂದಿಗೂ ರೂಪಿಸುತ್ತಿದೆ. ಚಿನಾಬ್ ಮೇಲಿನ ಪ್ರತಿಯೊಂದು ಗೇಟಿನ ಅಳತೆಯ ಬಗ್ಗೆ ಅದು ಎತ್ತುವ ಆಕ್ಷೇಪದ ಬೇರು ಅಲ್ಲಿದೆ.

ಸಂಧಾನ

ಅಮೆರಿಕದ ಟೆನೆಸಿ ಕಣಿವೆ ಪ್ರಾಧಿಕಾರದ ಮಾಜಿ ಅಧ್ಯಕ್ಷ ಡೇವಿಡ್ ಲಿಲಿಯೆಂತಾಲ್ 1951ರಲ್ಲಿ ಎರಡೂ ದೇಶಗಳಲ್ಲಿ ಸಂಚರಿಸಿ, ಆ ವರ್ಷದ ಆಗಸ್ಟ್‌ನಲ್ಲಿ ಕೊಲಿಯರ್ಸ್ ಪತ್ರಿಕೆಗೆ ಲೇಖನ ಬರೆದರು. ನೀರಿನ ಪ್ರಶ್ನೆಯನ್ನು ಕಾಶ್ಮೀರದಿಂದ ಬೇರ್ಪಡಿಸಿ ಎಂಜಿನಿಯರುಗಳಿಗೆ ವಹಿಸಬೇಕು, ವಿಶ್ವ ಬ್ಯಾಂಕ್ ಹಣ ಮತ್ತು ಮಧ್ಯವರ್ತಿತನ ಎರಡನ್ನೂ ಒದಗಿಸಬೇಕು ಎಂಬುದು ಅವರ ಸಲಹೆಯಾಗಿತ್ತು. ಬ್ಯಾಂಕಿನ ಅಧ್ಯಕ್ಷ ಯುಜೀನ್ ಬ್ಲ್ಯಾಕ್ ಇದನ್ನು ಕೈಗೆತ್ತಿಕೊಂಡು ಎರಡೂ ಪ್ರಧಾನಿಗಳಿಗೆ ಪತ್ರ ಬರೆದರು. 1952ರ ಮೇ ತಿಂಗಳಲ್ಲಿ ವಾಷಿಂಗ್ಟನ್‌ನಲ್ಲಿ ಮಾತುಕತೆ ಆರಂಭವಾಯಿತು.

ಕಣಿವೆಯನ್ನು ಒಂದೇ ಘಟಕವಾಗಿ ನೋಡಿ ಜಂಟಿಯಾಗಿ ಅಭಿವೃದ್ಧಿಪಡಿಸುವ ಕಲ್ಪನೆಯಿಂದ ಕೆಲಸ ಶುರುವಾಗಿತ್ತು. ಆದರೆ 1953ರಲ್ಲಿ ಎರಡೂ ಕಡೆಯವರು ಮಂಡಿಸಿದ ಯೋಜನೆಗಳು ಒಂದಕ್ಕೊಂದು ಹೊಂದಲಿಲ್ಲ. ಭಾರತ ತನಗೆ 29 ದಶಲಕ್ಷ ಎಕರೆ ಅಡಿ ಕೇಳಿದರೆ, ಪಾಕಿಸ್ತಾನ ಭಾರತಕ್ಕೆ 15.5 ದಶಲಕ್ಷ ಎಕರೆ ಅಡಿ ಬಿಟ್ಟುಕೊಡಲು ಸಿದ್ಧವಿತ್ತು. (ಒಂದು ದಶಲಕ್ಷ ಎಕರೆ ಅಡಿ ಎಂದರೆ 43.56 ಟಿಎಂಸಿ.) 1954ರ ಫೆಬ್ರುವರಿ 5ರಂದು ಬ್ಯಾಂಕ್ ತನ್ನದೇ ಸೂತ್ರವನ್ನು ಮುಂದಿಟ್ಟಿತು: ನೀರನ್ನು ಹಂಚುವ ಬದಲು ನದಿಗಳನ್ನೇ ಹಂಚುವುದು. ಪೂರ್ವದ ಮೂರು ನದಿಗಳು ಭಾರತಕ್ಕೆ, ಪಶ್ಚಿಮದ ಮೂರು ಪಾಕಿಸ್ತಾನಕ್ಕೆ. ದಿನದಿನವೂ ಕೂಡಿ ಕೆಲಸ ಮಾಡಲಾರದ ಎರಡು ದೇಶಗಳಿಗೆ ಕೂಡುವ ಅಗತ್ಯವನ್ನೇ ಕಡಿಮೆ ಮಾಡಿದ್ದು ಈ ಸೂತ್ರದ ವಿಶೇಷ.

ಭಾರತ ಸೂತ್ರವನ್ನು ಬೇಗ ಒಪ್ಪಿತು. ಪೂರ್ವದ ನದಿಗಳಿಂದ ನೀರುಣ್ಣುತ್ತಿದ್ದ ನಾಲೆಗಳಿಗೆ ಪಶ್ಚಿಮದ ನದಿಗಳಿಂದ ನೀರು ತರಬೇಕಾದರೆ ಸಂಪರ್ಕ ನಾಲೆಗಳಷ್ಟೇ ಸಾಲವು, ಜಲಾಶಯಗಳೂ ಬೇಕು ಎಂದು ಪಾಕಿಸ್ತಾನ ವಾದಿಸಿತು. 1956ರ ಮೇ ತಿಂಗಳಲ್ಲಿ ಬ್ಯಾಂಕ್ ಈ ವಾದದಲ್ಲಿ ಹುರುಳಿದೆಯೆಂದು ಒಪ್ಪಿತು. ಆಗ ಉಳಿದದ್ದು ಹಣದ ಪ್ರಶ್ನೆ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಪಶ್ಚಿಮ ಜರ್ಮನಿ ಮತ್ತು ನ್ಯೂಜಿಲೆಂಡ್ ನೆರವಿನಿಂದ ಸಿಂಧೂ ಕಣಿವೆ ಅಭಿವೃದ್ಧಿ ನಿಧಿ ಸ್ಥಾಪನೆಯಾಯಿತು. ಬದಲಿ ಕಾಮಗಾರಿಗಳ ಬಾಬ್ತು ಭಾರತ 6.2 ಕೋಟಿ ಪೌಂಡಿಗೂ ಸ್ವಲ್ಪ ಹೆಚ್ಚು ಹಣವನ್ನು ಹತ್ತು ವಾರ್ಷಿಕ ಕಂತುಗಳಲ್ಲಿ ಕೊಡಲು ಒಪ್ಪಿತು. ಹೊರಗಿನ ಈ ಹಣವಿಲ್ಲದೆ ಸಂಧಾನ ದಡ ಸೇರುವುದು ಕಷ್ಟವಿತ್ತು. ಮಧ್ಯವರ್ತಿ ತಾನೇ ಸಾಲ ಕೊಡುವ ಸಂಸ್ಥೆಯಾಗಿದ್ದದ್ದು ಈ ಪ್ರಕರಣದ ಅಪರೂಪದ ಲಕ್ಷಣ.

ಒಪ್ಪಂದದ ರಚನೆ

ಒಪ್ಪಂದದಲ್ಲಿ 12 ವಿಧಿಗಳೂ ಎ ಯಿಂದ ಎಚ್ ವರೆಗಿನ ಎಂಟು ಅನುಬಂಧಗಳೂ ಇವೆ. ವಿಧಿಗಳಿಗಿಂತ ಅನುಬಂಧಗಳೇ ದೀರ್ಘ. ನಂತರದ ಬಹುಪಾಲು ತಕರಾರುಗಳು ಹುಟ್ಟಿದ್ದೂ ಅವುಗಳ ತಾಂತ್ರಿಕ ವಿವರಗಳಿಂದಲೇ.

ಪೂರ್ವದ ನದಿಗಳೆಂದರೆ ಸಟ್ಲೆಜ್, ಬಿಯಾಸ್ ಮತ್ತು ರಾವಿ. ಇವುಗಳ ನೀರನ್ನು ಭಾರತ ನಿರ್ಬಂಧವಿಲ್ಲದೆ ಬಳಸಬಹುದು. ಇವುಗಳ ವಾರ್ಷಿಕ ಸರಾಸರಿ ಹರಿವು ಸುಮಾರು 33 ದಶಲಕ್ಷ ಎಕರೆ ಅಡಿ, ಅಂದರೆ 1,400 ಟಿಎಂಸಿಗಿಂತ ಸ್ವಲ್ಪ ಹೆಚ್ಚು. ಪಶ್ಚಿಮದ ನದಿಗಳೆಂದರೆ ಸಿಂಧೂ, ಝೀಲಂ ಮತ್ತು ಚಿನಾಬ್. ಇವುಗಳ ಹರಿವು ಸುಮಾರು 135 ದಶಲಕ್ಷ ಎಕರೆ ಅಡಿ, ಅಂದರೆ 5,900 ಟಿಎಂಸಿಯ ಆಸುಪಾಸು. ಈ ನೀರನ್ನು ಭಾರತ ಪಾಕಿಸ್ತಾನಕ್ಕೆ ಹರಿಯಗೊಡಬೇಕು. ಗೃಹಬಳಕೆ, ನೀರು ಖರ್ಚಾಗದ ಬಳಕೆ, ನಿಗದಿತ ಮಿತಿಯ ಬೇಸಾಯ ಮತ್ತು ಜಲವಿದ್ಯುತ್ ಇದಕ್ಕಿರುವ ನಾಲ್ಕು ವಿನಾಯಿತಿಗಳು. ಹೊಸ ಜಲಾಶಯಗಳಲ್ಲಿ ಭಾರತ ಒಟ್ಟು 3.6 ದಶಲಕ್ಷ ಎಕರೆ ಅಡಿ, ಸುಮಾರು 157 ಟಿಎಂಸಿ, ನೀರು ಸಂಗ್ರಹಿಸಬಹುದು.

ಅನುಬಂಧ ಡಿ ಜಲವಿದ್ಯುತ್ ಯೋಜನೆಗಳ ವಿನ್ಯಾಸವನ್ನು ನಿಯಂತ್ರಿಸುತ್ತದೆ. ಹರಿವ ನೀರಿನಿಂದಲೇ ವಿದ್ಯುತ್ ತೆಗೆಯುವ ಸ್ಥಾವರಗಳಿಗೆ ಅನುಮತಿಯಿದೆ. ಆದರೆ ವಿದ್ಯುತ್ ಬೇಡಿಕೆಯ ಏರಿಳಿತ ಸರಿದೂಗಿಸಲು ಕಟ್ಟೆಯ ಹಿಂದೆ ಎಷ್ಟು ನೀರು ನಿಲ್ಲಿಸಬಹುದು, ಗೇಟು ಯಾವ ಎತ್ತರದಲ್ಲಿ ಇರಬೇಕು, ನೀರೆಳೆಯುವ ಬಾಯಿ ಎಲ್ಲಿರಬೇಕು ಎಂಬುದಕ್ಕೆಲ್ಲ ಮಿತಿಗಳಿವೆ. ಕೆಳಮಟ್ಟದಲ್ಲಿ ಗೇಟು ಬೇಕೇಬೇಕೆಂದಾದರೆ ಅದು ಸಾಧ್ಯವಾದಷ್ಟು ಚಿಕ್ಕದಾಗಿ, ಸಾಧ್ಯವಾದಷ್ಟು ಮೇಲೆ ಇರಬೇಕು. ಕಾಮಗಾರಿ ಶುರುವಾಗುವುದಕ್ಕೆ ಆರು ತಿಂಗಳ ಮೊದಲು ಭಾರತ ವಿನ್ಯಾಸದ ಮಾಹಿತಿ ಕೊಡಬೇಕು. ಪಾಕಿಸ್ತಾನ ಮೂರು ತಿಂಗಳೊಳಗೆ ಆಕ್ಷೇಪ ಸಲ್ಲಿಸಬಹುದು. ಹಿಮಾಲಯದ ನದಿಗಳು ಹೊತ್ತು ತರುವ ಹೂಳನ್ನು ಹೊರದೂಡಲು ಎಂಜಿನಿಯರಿಗೆ ಕೆಳಮಟ್ಟದ ದೊಡ್ಡ ಗೇಟು ಬೇಕು. ಅದೇ ಗೇಟು ಪಾಕಿಸ್ತಾನಕ್ಕೆ ನೀರನ್ನು ಬೇಕಾದಾಗ ತಡೆದು ಬೇಕಾದಾಗ ಬಿಡುವ ಸಾಧನವಾಗಿ ಕಾಣುತ್ತದೆ. ಒಪ್ಪಂದದ ಈಚಿನ ಕಾಲುಶತಮಾನದ ವ್ಯಾಜ್ಯವೆಲ್ಲ ಹೆಚ್ಚುಕಡಿಮೆ ಈ ಒಂದು ವೈರುಧ್ಯದ ಸುತ್ತ ನಡೆದಿದೆ.

ಒಪ್ಪಂದಕ್ಕೆ ಕೊನೆಯ ದಿನಾಂಕವಿಲ್ಲ, ಒಂದು ಪಕ್ಷವೇ ಹೊರನಡೆಯಲು ಅವಕಾಶವೂ ಇಲ್ಲ. ಎರಡೂ ಸರ್ಕಾರಗಳು ಸ್ಥಿರೀಕರಿಸಿದ ಇನ್ನೊಂದು ಒಪ್ಪಂದದಿಂದ ಮಾತ್ರ ಅದನ್ನು ತಿದ್ದಬಹುದು ಅಥವಾ ಕೊನೆಗಾಣಿಸಬಹುದು ಎಂದು 12ನೇ ವಿಧಿ ಹೇಳುತ್ತದೆ.

ತಕರಾರು ತೀರ್ಮಾನದ ಹಂತಗಳು

8ನೇ ವಿಧಿಯಡಿ ಶಾಶ್ವತ ಸಿಂಧೂ ಆಯೋಗವಿದೆ. ಪ್ರತಿ ದೇಶಕ್ಕೆ ಒಬ್ಬ ಆಯುಕ್ತ. ಸಾಮಾನ್ಯವಾಗಿ ಎಂಜಿನಿಯರೇ ಈ ಹುದ್ದೆಯಲ್ಲಿರುತ್ತಾರೆ. ವರ್ಷಕ್ಕೊಮ್ಮೆಯಾದರೂ ಸಭೆ ಸೇರುವುದು, ನದಿಗಳ ಹರಿವು ಮತ್ತು ನಾಲೆಗಳ ಬಳಕೆಯ ಅಂಕಿಅಂಶ ವಿನಿಮಯ, ಸ್ಥಳ ಪರಿಶೀಲನೆ ಇವು ಆಯೋಗದ ಕೆಲಸಗಳು.

9ನೇ ವಿಧಿ ತಕರಾರನ್ನು ಮೂರು ಹಂತಗಳಾಗಿ ವಿಂಗಡಿಸುತ್ತದೆ. ಮೊದಲು ಏಳುವುದು ‘ಪ್ರಶ್ನೆ’. ಅದನ್ನು ಆಯೋಗವೇ ಪರಿಶೀಲಿಸುತ್ತದೆ. ಅಲ್ಲಿ ಬಗೆಹರಿಯದಿದ್ದರೆ ಅದು ‘ಭಿನ್ನಾಭಿಪ್ರಾಯ’ವಾಗುತ್ತದೆ, ತಾಂತ್ರಿಕ ಸ್ವರೂಪದ್ದಾಗಿದ್ದರೆ ತಟಸ್ಥ ತಜ್ಞನ ಮುಂದೆ ಹೋಗುತ್ತದೆ. ಒಪ್ಪಂದದ ಅರ್ಥವಿವರಣೆಯಂಥ ವಿಷಯ ‘ವ್ಯಾಜ್ಯ’ವೆನಿಸಿ ಏಳು ಸದಸ್ಯರ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ ಹೋಗುತ್ತದೆ. ನ್ಯಾಯಾಲಯಕ್ಕೆ ಪ್ರತಿ ಪಕ್ಷ ಇಬ್ಬರನ್ನು ನೇಮಿಸುತ್ತದೆ, ಉಳಿದ ಮೂವರು ತಟಸ್ಥರು. ತಟಸ್ಥ ತಜ್ಞ ಮತ್ತು ನ್ಯಾಯಾಲಯದ ರಚನೆಯಲ್ಲಿ ವಿಶ್ವ ಬ್ಯಾಂಕ್‌ಗೆ ಕಾರ್ಯವಿಧಾನದ ಪಾತ್ರವಿದೆ. ತೀರ್ಪು ನೀಡುವ ಅಧಿಕಾರ ಅದಕ್ಕಿಲ್ಲ.

ಪ್ರಮುಖ ಪ್ರಕರಣಗಳು

ಸಲಾಲ್. ಚಿನಾಬ್ ನದಿಯ ಈ ಜಲವಿದ್ಯುತ್ ಯೋಜನೆಯ ಬಗೆಗಿನ ತಕರಾರನ್ನು ಮೂರನೆಯವರಿಲ್ಲದೆ ಎರಡೂ ಸರ್ಕಾರಗಳೇ ಬಗೆಹರಿಸಿಕೊಂಡವು. 1978ರ ಏಪ್ರಿಲ್‌ನಲ್ಲಿ ವಿದೇಶಾಂಗ ಸಚಿವ ಅಟಲ್ ಬಿಹಾರಿ ವಾಜಪೇಯಿ ಅವರ ಅವಧಿಯಲ್ಲಿ ಒಪ್ಪಂದವಾಯಿತು. ಭಾರತ ಗೇಟುಗಳ ಎತ್ತರ ತಗ್ಗಿಸಿತು, ತಳದ ತೂಬುಗಳನ್ನು ಮುಚ್ಚಲು ಒಪ್ಪಿತು. ರಾಜಿಯ ಬೆಲೆಯಾಗಿ ಜಲಾಶಯದಲ್ಲಿ ಹೂಳು ಬೇಗ ತುಂಬಿತು. ಭಾರತದ ಎಂಜಿನಿಯರುಗಳು ಮುಂದಿನ ಯೋಜನೆಗಳಲ್ಲಿ ತಳಗೇಟುಗಳಿಗೆ ಪಟ್ಟು ಹಿಡಿಯಲು ಈ ಅನುಭವ ಕಾರಣ.

ತುಲ್‌ಬುಲ್. ಝೀಲಂ ನದಿಯಲ್ಲಿ ವುಲಾರ್ ಸರೋವರದ ಬಾಯಲ್ಲಿ 1984ರಲ್ಲಿ ಆರಂಭವಾದ ಈ ಕಾಮಗಾರಿಯನ್ನು ಭಾರತ ಜಲಸಾರಿಗೆಗೆ ಎಂದಿತು, ಪಾಕಿಸ್ತಾನ ನೀರು ಸಂಗ್ರಹಕ್ಕೆ ಎಂದಿತು. 1987ರಲ್ಲಿ ಕೆಲಸ ನಿಂತಿತು.

ಬಗ್ಲಿಹಾರ್. ಚಿನಾಬ್ ಮೇಲಿನ ಈ ಯೋಜನೆಯ ವಿಚಾರದಲ್ಲಿ ಮೊದಲ ಬಾರಿಗೆ ತಟಸ್ಥ ತಜ್ಞನ ನೇಮಕವಾಯಿತು. ಸ್ವಿಟ್ಜರ್ಲೆಂಡ್‌ನ ಎಂಜಿನಿಯರ್ ರೇಮಂಡ್ ಲಫಿಟ್ 2007ರ ಫೆಬ್ರುವರಿ 12ರಂದು ತೀರ್ಮಾನ ಕೊಟ್ಟರು. ತಳಗೇಟುಗಳಿರುವ ಕೋಡಿಯನ್ನು ಲಫಿಟ್ ಒಪ್ಪಿದರು. ಹೂಳು ನಿರ್ವಹಣೆ ಇಂದಿನ ಎಂಜಿನಿಯರಿಂಗ್‌ನ ಅಗತ್ಯ, ಒಪ್ಪಂದವನ್ನು ಆ ಬೆಳಕಿನಲ್ಲಿ ಓದಬೇಕು ಎಂಬುದು ಅವರ ನಿಲುವು. ಜೊತೆಗೆ ಕಟ್ಟೆಯ ಎತ್ತರವನ್ನು ಒಂದೂವರೆ ಮೀಟರ್ ಇಳಿಸಬೇಕೆಂದರು, ನಿಲ್ಲಿಸಬಹುದಾದ ನೀರಿನ ಪ್ರಮಾಣವನ್ನೂ ತಗ್ಗಿಸಿದರು. ಎರಡೂ ದೇಶಗಳು ತೀರ್ಮಾನವನ್ನು ಪಾಲಿಸಿದವು. ಜಲಾಶಯದ ಮೊದಲ ಭರ್ತಿಯ ಬಗ್ಗೆ 2008ರಲ್ಲಿ ಎದ್ದ ದೂರನ್ನು ಆಯೋಗವೇ 2010ರಲ್ಲಿ ಮುಗಿಸಿತು.

ಕಿಶನ್‌ಗಂಗಾ. ಝೀಲಂನ ಉಪನದಿ ಕಿಶನ್‌ಗಂಗಾದ ನೀರನ್ನು ಸುರಂಗದ ಮೂಲಕ ಇನ್ನೊಂದು ಉಪನದಿಗೆ ತಿರುಗಿಸುವ 330 ಮೆಗಾವಾಟ್ ಯೋಜನೆ ಇದು. ಅದೇ ನದಿಯನ್ನು ನೀಲಂ ಎಂದು ಕರೆಯುವ ಪಾಕಿಸ್ತಾನ ಕೆಳಗೆ ತನ್ನದೇ ವಿದ್ಯುತ್ ಯೋಜನೆ ಕೈಗೊಂಡಿತ್ತು. 2010ರಲ್ಲಿ ಪಾಕಿಸ್ತಾನದ ಕೋರಿಕೆಯ ಮೇರೆಗೆ ಮಧ್ಯಸ್ಥಿಕೆ ನ್ಯಾಯಾಲಯ ರಚನೆಯಾಯಿತು. 2013ರ ಭಾಗಶಃ ಮತ್ತು ಅಂತಿಮ ಐತೀರ್ಪುಗಳು ನೀರು ತಿರುಗಿಸುವ ಭಾರತದ ಹಕ್ಕನ್ನು ಎತ್ತಿಹಿಡಿದವು. ಆದರೆ ನದಿಯಲ್ಲಿ ಸದಾ ಸೆಕೆಂಡಿಗೆ ಕನಿಷ್ಠ 9 ಘನ ಮೀಟರ್, ಸುಮಾರು 318 ಕ್ಯುಸೆಕ್, ನೀರು ಬಿಡಬೇಕೆಂದವು. ಹೂಳು ತೆಗೆಯಲು ಜಲಾಶಯದ ನೀರನ್ನು ಡೆಡ್ ಸ್ಟೋರೇಜ್ (ಬಳಕೆಗೆ ತೆಗೆಯದ ತಳನೀರು) ಮಟ್ಟಕ್ಕಿಂತ ಕೆಳಗಿಳಿಸುವಂತಿಲ್ಲವೆಂದೂ ಹೇಳಿದವು. ಬಗ್ಲಿಹಾರ್‌ನಲ್ಲಿ ಎಂಜಿನಿಯರ್ ಕೊಟ್ಟ ಓದು ಮತ್ತು ಇಲ್ಲಿ ನ್ಯಾಯಾಲಯ ಕೊಟ್ಟ ಓದು ಬೇರೆಬೇರೆಯಾದವು. ಆಮೇಲೆ ಭಾರತ ತಜ್ಞನನ್ನೂ ಪಾಕಿಸ್ತಾನ ನ್ಯಾಯಾಲಯವನ್ನೂ ಬಯಸಿದ್ದು ಸಹಜವಾಗಿತ್ತು.

ಇದರ ಪರಿಣಾಮ 2016ರಲ್ಲಿ ಕಂಡಿತು. ಕಿಶನ್‌ಗಂಗಾ ಮತ್ತು 850 ಮೆಗಾವಾಟ್‌ನ ರತ್ಲೆ ಯೋಜನೆಗಳ ವಿನ್ಯಾಸದ ಬಗ್ಗೆ ಒಬ್ಬರು ತಟಸ್ಥ ತಜ್ಞನನ್ನು, ಇನ್ನೊಬ್ಬರು ನ್ಯಾಯಾಲಯವನ್ನು ಕೇಳಿದರು. ವಿಶ್ವ ಬ್ಯಾಂಕ್ ಮೊದಲು ಎರಡನ್ನೂ ತಡೆಹಿಡಿದು, 2022ರಲ್ಲಿ ಎರಡನ್ನೂ ನೇಮಿಸಿತು. ಒಂದೇ ವಿಷಯಕ್ಕೆ ಎರಡು ಸಮಾನಾಂತರ ವಿಚಾರಣೆ ಒಪ್ಪಂದಕ್ಕೆ ವಿರುದ್ಧ ಎಂದು ಭಾರತ ನ್ಯಾಯಾಲಯದ ಕಲಾಪದಿಂದ ದೂರ ಉಳಿಯಿತು.

ಇತರ ಜಲವಿವಾದ ಕ್ರಮಗಳೊಂದಿಗೆ ಹೋಲಿಕೆ

ನದಿ ವಿವಾದಗಳ ತೀರ್ಮಾನದಲ್ಲಿ ಎರಡು ಮಾದರಿಗಳಿವೆ. ಒಂದು ನದಿಗಳನ್ನು ಹಂಚುವುದು, ಇನ್ನೊಂದು ಒಂದೇ ನದಿಯ ನೀರನ್ನು ಅಳೆದು ಹಂಚುವುದು. ಭಾರತ ಮತ್ತು ಬಾಂಗ್ಲಾದೇಶಗಳ 1996ರ ಗಂಗಾ ಒಪ್ಪಂದ ಎರಡನೆಯ ಬಗೆಯದು. ಜನವರಿಯಿಂದ ಮೇ ವರೆಗೆ ಫರಕ್ಕಾದಲ್ಲಿ ದೊರೆಯುವ ನೀರನ್ನು ಹತ್ತು ಹತ್ತು ದಿನಗಳ ಲೆಕ್ಕದಲ್ಲಿ ಅದು ಹಂಚುತ್ತದೆ. ಅದಕ್ಕೆ 30 ವರ್ಷಗಳ ಅವಧಿಯಿದೆ.

ಭಾರತದೊಳಗಿನ ಅಂತರರಾಜ್ಯ ವಿವಾದಗಳ ದಾರಿ ಬೇರೆ. 1956ರ ಅಂತರರಾಜ್ಯ ಜಲವಿವಾದ ಕಾಯ್ದೆಯಡಿ ಕೃಷ್ಣಾ, ಕಾವೇರಿಯಂಥ ನದಿಗಳಿಗೆ ನ್ಯಾಯಮಂಡಳಿಗಳು ರಚನೆಯಾದವು. ಕಾವೇರಿಯಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಅಂತಿಮ ತೀರ್ಪು ಕೊಟ್ಟಿತು. ರಾಜ್ಯಗಳ ಮೇಲೆ ಒಂದು ಸಂವಿಧಾನ ಮತ್ತು ಒಂದು ಸರ್ವೋಚ್ಚ ನ್ಯಾಯಾಲಯ ಇರುವುದರಿಂದ ಅಲ್ಲಿ ಆದೇಶವನ್ನು ಹೇರಬಹುದು. ಸಾರ್ವಭೌಮ ದೇಶಗಳ ಮೇಲೆ ಅಂಥ ಹಿರಿಯರು ಯಾರೂ ಇಲ್ಲ. ಅಂತರರಾಷ್ಟ್ರೀಯ ಐತೀರ್ಪಿನ ಜಾರಿ ಕೊನೆಗೂ ಪಕ್ಷಗಳ ಇಚ್ಛೆಯನ್ನೇ ಅವಲಂಬಿಸಿದೆ.

ಫಲಿತಾಂಶ ಮತ್ತು ಟೀಕೆ

ಒಪ್ಪಂದದ ಬಲದ ಮೇಲೆ ಪಾಕಿಸ್ತಾನ ಝೀಲಂ ಮೇಲೆ ಮಂಗ್ಲಾ, ಸಿಂಧೂ ಮೇಲೆ ತರ್ಬೇಲಾ ಅಣೆಕಟ್ಟೆಗಳನ್ನೂ ಐದು ಬ್ಯಾರೇಜುಗಳನ್ನೂ ಎಂಟು ಸಂಪರ್ಕ ನಾಲೆಗಳನ್ನೂ ಕಟ್ಟಿತು. ಭಾರತ ಭಾಕ್ರಾ ಪೂರ್ಣಗೊಳಿಸಿತು. ಬಿಯಾಸ್ ಮೇಲೆ ಪಾಂಗ್, ರಾವಿ ಮೇಲೆ ರಂಜಿತ್ ಸಾಗರ್ ಜಲಾಶಯಗಳು ಬಂದವು. ಪೂರ್ವದ ನದಿಗಳ ನೀರು ಪಂಜಾಬ್, ಹರಿಯಾಣಗಳಲ್ಲದೆ ಇಂದಿರಾ ಗಾಂಧಿ ನಾಲೆಯ ಮೂಲಕ ರಾಜಸ್ಥಾನದ ಮರುಭೂಮಿಯನ್ನೂ ಮುಟ್ಟಿತು.

1965 ಮತ್ತು 1971ರ ಯುದ್ಧಗಳಲ್ಲಿ, 1999ರ ಕಾರ್ಗಿಲ್ ಕಾಳಗದಲ್ಲಿ ಒಪ್ಪಂದ ಮುರಿಯಲಿಲ್ಲ. ಹಗೆತನದ ನಡುವೆ ನಿಂತ ಒಡಂಬಡಿಕೆಗೆ ಮಾದರಿಯೆಂದು ದಶಕಗಳ ಕಾಲ ಅದನ್ನು ಉದಾಹರಿಸಲಾಯಿತು. ಟೀಕೆಗಳು ಆರಂಭದಿಂದಲೂ ಇದ್ದವು. ಒಟ್ಟು ಹರಿವಿನ ಸುಮಾರು ಐದನೇ ನಾಲ್ಕು ಪಾಲು ಪಾಕಿಸ್ತಾನಕ್ಕೆ ಹೋಯಿತೆಂದು 1960ರ ನವೆಂಬರ್‌ನಲ್ಲಿ ಲೋಕಸಭೆಯಲ್ಲಿ ಸದಸ್ಯರು ಆಕ್ಷೇಪಿಸಿದರು. ಮೂರು ಪೂರ್ವ ನದಿಗಳನ್ನು ಕಳೆದುಕೊಂಡೆವೆಂಬ ಕೊರಗು ಪಾಕಿಸ್ತಾನದಲ್ಲಿತ್ತು. ನದಿಗಳು ಹರಿಯುವ ಜಮ್ಮು ಮತ್ತು ಕಾಶ್ಮೀರದ ಹಿತವನ್ನು ಕಡೆಗಣಿಸಲಾಗಿದೆ ಎಂದು ಅಲ್ಲಿನ ವಿಧಾನಸಭೆ 2002ರಲ್ಲಿ ಮರುಪರಿಶೀಲನೆಗೆ ನಿರ್ಣಯ ಅಂಗೀಕರಿಸಿತು. ಅಂತರ್ಜಲ, ಹವಾಮಾನ ಬದಲಾವಣೆ, ಹಿಮನದಿಗಳ ಕರಗುವಿಕೆ ಇವು 1960ರ ಪಠ್ಯದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಈಗಿನ ಸ್ಥಿತಿ

2023ರ ಜನವರಿಯಲ್ಲಿ ಮತ್ತು 2024ರ ಆಗಸ್ಟ್‌ನಲ್ಲಿ ಭಾರತ ಒಪ್ಪಂದದ ತಿದ್ದುಪಡಿ ಹಾಗೂ ಮರುಪರಿಶೀಲನೆ ಕೋರಿ ಪಾಕಿಸ್ತಾನಕ್ಕೆ ನೋಟಿಸ್ ಕೊಟ್ಟಿತು. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ನಡೆದ ಭಯೋತ್ಪಾದಕ ದಾಳಿಯಲ್ಲಿ 26 ಜನ ಹತರಾದರು. ಮರುದಿನ ಭಾರತ, ಗಡಿಯಾಚೆಯಿಂದ ಭಯೋತ್ಪಾದನೆಗೆ ಸಿಗುವ ಬೆಂಬಲವನ್ನು ಪಾಕಿಸ್ತಾನ ನಂಬಲರ್ಹವಾಗಿ ಕೈಬಿಡುವವರೆಗೆ ಒಪ್ಪಂದವನ್ನು ಅಮಾನತಿನಲ್ಲಿ ಇಡುವುದಾಗಿ ಘೋಷಿಸಿತು. ಯುದ್ಧಗಳಲ್ಲೂ ಆಗದಿದ್ದ ಕ್ರಮ ಇದು. ಒಪ್ಪಂದದಲ್ಲಿ ಏಕಪಕ್ಷೀಯ ಅಮಾನತಿಗೆ ಅವಕಾಶವಿಲ್ಲವೆಂಬುದು ಪಾಕಿಸ್ತಾನದ ವಾದ. ನೀರನ್ನು ತಡೆದರೆ ಅಥವಾ ತಿರುಗಿಸಿದರೆ ಅದನ್ನು ಯುದ್ಧವೆಂದು ಪರಿಗಣಿಸುವುದಾಗಿಯೂ ಅದು ಹೇಳಿತು. ಮಧ್ಯಸ್ಥಿಕೆ ನ್ಯಾಯಾಲಯ 2025ರ ಜೂನ್‌ನಲ್ಲಿ ತನ್ನ ಅಧಿಕಾರ ಮುಂದುವರಿದಿದೆಯೆಂದೂ ಆಗಸ್ಟ್‌ನಲ್ಲಿ ಒಪ್ಪಂದದ ಅರ್ಥವಿವರಣೆಯ ಬಗ್ಗೆಯೂ ಐತೀರ್ಪು ನೀಡಿತು. ಆ ನ್ಯಾಯಾಲಯದ ರಚನೆಯನ್ನೇ ಒಪ್ಪದ ಭಾರತ ಎರಡನ್ನೂ ತಿರಸ್ಕರಿಸಿತು. ಒಪ್ಪಂದ ಮತ್ತೆ ಜಾರಿಗೆ ಬರುವುದಿಲ್ಲವೆಂದು ಗೃಹ ಸಚಿವ ಅಮಿತ್ ಶಾ 2025ರ ಜೂನ್‌ನಲ್ಲಿ ಹೇಳಿದ್ದರು.

ಅಮಾನತು ಎಂದರೆ ನೀರು ನಿಂತಿತು ಎಂದಲ್ಲ. ಪಶ್ಚಿಮದ ನದಿಗಳ ಮೇಲೆ ಭಾರತಕ್ಕಿರುವುದು ಬಹುಪಾಲು ಹರಿವ ನೀರಿನ ವಿದ್ಯುತ್ ಸ್ಥಾವರಗಳು. ಮಳೆಗಾಲದ ಹರಿವನ್ನು ಹಿಡಿದಿಡಬಲ್ಲ ದೊಡ್ಡ ಜಲಾಶಯಗಳು ಅಲ್ಲಿಲ್ಲ, ಅವನ್ನು ಕಟ್ಟಲು ವರ್ಷಗಳು ಬೇಕು. ತಕ್ಷಣಕ್ಕೆ ನಿಂತದ್ದು ಆಯೋಗದ ಸಭೆ, ಹರಿವಿನ ಅಂಕಿಅಂಶ ಮತ್ತು ಸ್ಥಳ ಪರಿಶೀಲನೆ. 2025ರ ಆಗಸ್ಟ್‌ನಲ್ಲಿ ಉತ್ತರ ಭಾರತದ ನದಿಗಳು ತುಂಬಿ ಹರಿದಾಗ ಭಾರತ ಪ್ರವಾಹದ ಮುನ್ನೆಚ್ಚರಿಕೆಯನ್ನು ಸಿಂಧೂ ಆಯೋಗದ ಮೂಲಕ ಕೊಡದೆ, ಮಾನವೀಯ ನೆಲೆಯಲ್ಲಿ ಇಸ್ಲಾಮಾಬಾದ್‌ನ ತನ್ನ ಹೈಕಮಿಷನ್ ಮೂಲಕ ಪಾಕಿಸ್ತಾನಕ್ಕೆ ತಲುಪಿಸಿತು.